ಚರ್ಮಕ್ಕೂ ಬ್ಯಾಂಕ್ ಇದೆಯಾ ತಾತ?

ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು ನಾನು. ನನಗೀಗ 74 ವರ್ಷ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಿಂದಲೇ ಬರೆಯುತ್ತಿದ್ದೆವು. ಬರೆಯುವಾಗ ತಪ್ಪು ಬಿದ್ದರೆ ಅದನ್ನು ಉಜ್ಜಿ ಅಳಿಸುವಂತಿರಲಿಲ್ಲ. ತಪ್ಪು ಕಾಣುವ ಹಾಗೆಯೇ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಮೂರು ವರ್ಷದ ಹಿಂದೆ ನಮ್ಮ ಮಾಗಡಿಯ ಮನೆಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನೂ ಹಾಗೆಯೇ ಗೆರೆ ಎಳೆದು, ಸಹಿ ಹಾಕಿ, ಮಕ್ಕಳ ಮುಂದೆಯೂ ನನ್ನ ವಯಸ್ಸಿನ ಅಜ್ಜ-ಅಜ್ಜಿಯರ ಮುಂದೆಯೂ ಇಡುತ್ತಿದ್ದೇನೆ.

ಅದು ದೀಪಾವಳಿ. ಬೆಂಗಳೂರಿನಿಂದ ಮಗ, ಸೊಸೆ, ಏಳು ವರ್ಷದ ಮೊಮ್ಮಗ ಪುಟ್ಟ ಬಂದಿದ್ದರು. ನೀರು ತುಂಬುವ ಹಬ್ಬದ ಸಂಜೆ ನಾನೂ ಅವನೂ ಸೇರಿ ಬಚ್ಚಲುಮನೆಯ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬಿದೆವು. ನರಕ ಚತುರ್ದಶಿಯ ಬೆಳಗಿನ ಜಾವ ಒಲೆ ಉರಿಸಿದೆ. ನಮ್ಮ ಮನೆಯವರು ಪುಟ್ಟನ ಮೈಗೆಲ್ಲ ಎಣ್ಣೆ ಹಚ್ಚಿ ಕಳಿಸಿದರು. ನಾನು ಹಂಡೆಯಿಂದ ಕುದಿಯುವ ನೀರನ್ನು ಬಕೆಟ್ಟಿಗೆ ತೋಡಿಟ್ಟು, ಬೆರೆಸಲು ತಣ್ಣೀರು ತರೋಣವೆಂದು ತೊಟ್ಟಿಯ ಕಡೆ ತಿರುಗಿದೆ. ಅಷ್ಟರಲ್ಲಿ ಎಣ್ಣೆಗಾಲಿನ ಹುಡುಗ ಜಾರಿದ. ಬೀಳುವಾಗ ಬಕೆಟ್ಟಿನ ಅಂಚು ಹಿಡಿದುಕೊಂಡ. ನೀರೆಲ್ಲ ಅವನ ಬಲಗಾಲಿನ ಮೇಲೆ ಸುರಿಯಿತು.

ಒಂದು ಚೊಂಬು ತಣ್ಣೀರು ಹಾಕಿ, ಹುಡುಗನನ್ನು ಎತ್ತಿಕೊಂಡು ಒಳಗೆ ಓಡಿದೆ. ಟೂತ್‌ಪೇಸ್ಟಿನ ಟ್ಯೂಬನ್ನು ಪೂರ್ತಿ ಹಿಂಡಿ ಕಾಲಿಗೆ ಬಳಿದೆ. ಪಕ್ಕದ ಮನೆಯವರು ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ತಂದರು. ಅದನ್ನೂ ಹಚ್ಚಿದ್ದಾಯಿತು. ಮಗ ಆಸ್ಪತ್ರೆಗೆ ಹೋಗೋಣ ಅಂದ. ‘ಹಬ್ಬದ ದಿನ ಯಾಕೋ ಆಸ್ಪತ್ರೆ? ನಾವೆಲ್ಲ ಚಿಕ್ಕವರಾಗಿದ್ದಾಗ ಸುಟ್ಟುಕೊಳ್ಳಲಿಲ್ಲವಾ, ನಮ್ಮಜ್ಜಿ ಶಾಯಿ ಸುರಿದು ವಾಸಿ ಮಾಡಲಿಲ್ಲವಾ?’ ಎಂದು ನಾನೇ ತಡೆದೆ. ಮಾರನೆಯ ದಿನ ದೊಡ್ಡ ದೊಡ್ಡ ಬೊಬ್ಬೆಗಳೆದ್ದವು. ನೀರು ಹೋಗಿಬಿಡಲಿ ಎಂದು ಪಿನ್ನಿನಿಂದ ಚುಚ್ಚಿದೆ.

ನಾಲ್ಕನೆಯ ದಿನಕ್ಕೆ ಜ್ವರ ಬಂತು. ಬಟ್ಟೆ ಬಿಚ್ಚಿದರೆ ವಾಸನೆ, ಕೀವು. ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಒಣಗಿ ಗಾರೆಯಂತೆ ಅಂಟಿಕೊಂಡಿದ್ದ ಪೇಸ್ಟನ್ನು ಬಿಡಿಸಿ ತೊಳೆಯಲು ಸಿಸ್ಟರಿಗೆ ಬಹಳ ಹೊತ್ತು ಹಿಡಿಯಿತು. ಬಾಗಿಲ ಹೊರಗೆ ನಿಂತು ಆ ಕೂಗನ್ನು ಕೇಳಿದ್ದೇನೆ.

ಡಾಕ್ಟರು ಹೊರಗೆ ಬಂದು ಕೇಳಿದರು: ‘ಯಜಮಾನ್ರೇ, ಪೇಸ್ಟ್ ಹಚ್ಚಿದ್ದು ಯಾರು?’

‘ನಾನೇ ಸ್ವಾಮಿ’ ಅಂದೆ.

ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ ಹೇಳಿದರು: ‘ಸುಟ್ಟಿದ್ದು ಬಿಸಿನೀರು. ಆದರೆ ಗಾಯವನ್ನು ಆಳ ಮಾಡಿದ್ದು ಸೋಂಕು. ಮೊದಲ ದಿನವೇ ಬಂದಿದ್ದರೆ ಎರಡು ಮೂರು ವಾರದಲ್ಲಿ ತಾನಾಗಿಯೇ ಮಾಯುತ್ತಿತ್ತೋ ಏನೋ. ಈಗ ಚರ್ಮ ಕಸಿ ಮಾಡಬೇಕು.’

ದೇಹದ ಕಾಂಪೌಂಡು ಗೋಡೆ

ಮುಂದಿನ ಕೆಲವು ವಾರ ಆಸ್ಪತ್ರೆಯೇ ನನಗೆ ಪಾಠಶಾಲೆಯಾಯಿತು. ನಾನು ಓದಿದ್ದು ಬಿಕಾಂ. ಡೆಬಿಟ್, ಕ್ರೆಡಿಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಆದರೂ ಡಾಕ್ಟರು, ಸಿಸ್ಟರುಗಳು ನನಗೆ ಅರ್ಥವಾಗುವಂತೆ ಹೇಳಿದರು. ಅದನ್ನು ನಿಮಗೂ ಹೇಳುತ್ತೇನೆ.

ದೊಡ್ಡವರೊಬ್ಬರ ಚರ್ಮವನ್ನೆಲ್ಲ ಬಿಡಿಸಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ, ಒಬ್ಬರು ಮಲಗುವ ಚಾಪೆಯಷ್ಟು. ನೀರು ಆರಿಹೋಗದಂತೆ, ಮೈಯ ಕಾವು ಇಳಿಯದಂತೆ, ರೋಗಾಣು ಒಳಗೆ ನುಗ್ಗದಂತೆ ಕಾಯುವುದು ಈ ಚಾಪೆಯೇ. ಮಕ್ಕಳೇ, ನಿಮ್ಮ ಚರ್ಮ ನಮ್ಮದಕ್ಕಿಂತ ತೆಳು. 60 ಡಿಗ್ರಿ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಐದೇ ಸೆಕೆಂಡು ಸಾಕು. ಮಕ್ಕಳಿಗೆ ಅಷ್ಟೂ ಬೇಡ. ನಮ್ಮ ಹಂಡೆಯ ನೀರು ಕುದಿಯುತ್ತಿತ್ತು.

ಸುಟ್ಟ ಗಾಯಗಳೆಲ್ಲ ಒಂದೇ ಅಲ್ಲ. ಮೇಲ್ಪದರ ಮಾತ್ರ ಸುಟ್ಟರೆ ಕೆಂಪಾಗಿ ಉರಿಯುತ್ತದೆ, ಒಂದು ವಾರದಲ್ಲಿ ಹೋಗುತ್ತದೆ. ಇನ್ನೂ ಸ್ವಲ್ಪ ಆಳಕ್ಕೆ ಹೋದರೆ ಬೊಬ್ಬೆ ಏಳುತ್ತದೆ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಪೂರ್ತಿ ಆಳಕ್ಕೆ ಸುಟ್ಟರೆ ಚರ್ಮ ಬೆಳ್ಳಗೆ ಅಥವಾ ಕಂದಾಗಿ ತೊಗಲಿನಂತಾಗುತ್ತದೆ. ಅಲ್ಲಿ ನೋವೇ ಗೊತ್ತಾಗದಿರಬಹುದು, ಏಕೆಂದರೆ ನೋವು ತಿಳಿಸುವ ನರಗಳೂ ಸುಟ್ಟಿರುತ್ತವೆ. ನೋವಿಲ್ಲವೆಂದು ಸಮಾಧಾನ ಪಡಬೇಡಿ, ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಹೊಲದ ಬದುವಿನಲ್ಲಿ ಗರಿಕೆ ನೋಡಿದ್ದೀರಲ್ಲ? ಮೇಲೆ ಎಷ್ಟು ಕೊಯ್ದರೂ ಬೇರಿದ್ದರೆ ಮತ್ತೆ ಚಿಗುರುತ್ತದೆ. ಚರ್ಮಕ್ಕೂ ಹಾಗೆಯೇ ಬೇರುಗಳಿವೆ. ಕೂದಲಿನ ಬುಡದಲ್ಲಿ, ಬೆವರಿನ ಗ್ರಂಥಿಗಳ ಸುತ್ತ ಹೊಸ ಚರ್ಮ ಹುಟ್ಟಿಸುವ ಜೀವಕೋಶಗಳು ಅಡಗಿರುತ್ತವೆ. ಅವು ಉಳಿದರೆ ಗಾಯ ತಾನಾಗಿ ಮುಚ್ಚುತ್ತದೆ. ಅವೂ ಸತ್ತರೆ ಅಂಚಿನಿಂದ ಮಾತ್ರ ಚರ್ಮ ನಿಧಾನವಾಗಿ ತೆವಳಿಕೊಂಡು ಬರಬೇಕು. ಪುಟ್ಟನ ಗಾಯದಲ್ಲಿ ಬಿಸಿನೀರು ಉಳಿಸಿದ್ದ ಬೇರುಗಳನ್ನು ಸೋಂಕು ತಿಂದುಹಾಕಿತ್ತು.

ಕಾವಲುಗಾರ ಇಲ್ಲದ ಬಾಗಿಲು

ಸೋಂಕು ಬರುವುದು ಹೇಗೆ? ಸುಟ್ಟು ಸತ್ತ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ರಕ್ತದ ಜೊತೆ ಬರುವ ಬಿಳಿ ರಕ್ತಕಣಗಳೂ ಅಲ್ಲಿಗೆ ತಲುಪುವುದಿಲ್ಲ, ನಾವು ಕೊಡುವ ಔಷಧಿಯೂ ತಲುಪುವುದಿಲ್ಲ. ತೇವ, ಬೆಚ್ಚಗಿನ ಜಾಗ, ತಿನ್ನಲು ಆಹಾರ, ಕಾವಲಿಗೆ ಯಾರೂ ಇಲ್ಲ! ಮೊದಲ ದಿನಗಳಲ್ಲಿ ನಮ್ಮ ಚರ್ಮದ ಮೇಲೆಯೇ ಇದ್ದ ರೋಗಾಣುಗಳು ಬೆಳೆಯುತ್ತವೆ. ದಿನ ಕಳೆದಂತೆ ಕೈಯಿಂದ, ನೀರಿನಿಂದ, ಬಟ್ಟೆಯಿಂದ, ಹೊಟ್ಟೆಯೊಳಗಿನಿಂದ ಇನ್ನೂ ಮೊಂಡ ಜಾತಿಯವು ಬಂದು ಸೇರುತ್ತವೆ. ಸ್ಯೂಡೋಮೊನಾಸ್ ಎಂಬುದೊಂದಿದೆ, ಅದು ಸೇರಿದರೆ ಗಾಯದ ಬಟ್ಟೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ದೊಡ್ಡ ಗಾಯವಾಗಿದ್ದರೆ ಸೋಂಕು ರಕ್ತಕ್ಕೆ ಇಳಿದು ಜೀವಕ್ಕೇ ಸಂಚಕಾರ ತರುತ್ತದೆ. ಬೆಂಕಿಯಿಂದ ಪಾರಾದವರು ವಾರ ಎರಡು ವಾರದ ಮೇಲೆ ಹೋಗಿಬಿಡುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಅದಕ್ಕೇ ಸತ್ತ ಚರ್ಮವನ್ನು ಕತ್ತರಿಸಿ ತೆಗೆದು, ದಿನಾ ತೊಳೆದು, ಬೆಳ್ಳಿ ಸೇರಿದ ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟುತ್ತಿದ್ದರು. ಬೆಳ್ಳಿ ರೋಗಾಣುಗಳನ್ನು ಕೊಲ್ಲುತ್ತದೆ. 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಎಂಬ ವೈದ್ಯರು ಈ ಮುಲಾಮನ್ನು ಬಳಕೆಗೆ ತಂದರಂತೆ. ಕೀವನ್ನು ಹತ್ತಿಯಲ್ಲಿ ಅದ್ದಿ ಲ್ಯಾಬಿಗೂ ಕಳಿಸಿದರು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಎರಡು ಮೂರು ದಿನ ಕಾಯಬೇಕು. ಹೊರಊರಿನ ಚೆಕ್ಕು ಪಾಸಾಗುವುದನ್ನು ಕಾದ ಹಾಗೆ ನಾನು ಆ ಚೀಟಿಗಾಗಿ ಕಾದೆ.

ಒಂದು ದಿನ ತಿರುಮಲೆಯ ರಂಗನಾಥಸ್ವಾಮಿಗೆ ಪೂಜೆ ಮಾಡಿಸಿ, ಪ್ರಸಾದದ ಹೂವು ಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಹೋದೆ. ಸಿಸ್ಟರು ತಡೆದರು. ‘ತಾತಾ, ಹೂವು ಒಳಗೆ ಬೇಡ. ಹೂವಿನ ತೇವದಲ್ಲಿ, ಹೂಜಿಯ ನೀರಿನಲ್ಲಿ ಇರುವ ರೋಗಾಣು ನಿಮಗೆ ಏನೂ ಮಾಡಲ್ಲ. ಚರ್ಮ ಇಲ್ಲದ ಮಕ್ಕಳಿಗೆ ಮಾಡುತ್ತೆ. ಕೈ ತೊಳೆದುಕೊಂಡು ಒಬ್ಬರೇ ಬನ್ನಿ.’ ಮನಸ್ಸಿಗೆ ಪಿಚ್ಚೆನಿಸಿತು. ಹೂವನ್ನು ಹೊರಗಿನ ಕಿಟಕಿಯ ಮೇಲಿಟ್ಟು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡೆ. ದೇವರೂ ಅಲ್ಲಿಂದಲೇ ನೋಡಿಕೊಂಡಿರಬೇಕು.

ಕಸಿ ಎಂದರೆ ನಾಟಿ

ಕೀವು ನಿಂತು ಗಾಯ ಕೆಂಪಗೆ, ಹದವಾಗಿ ಕಂಡ ಮೇಲೆ ಕಸಿ ಮಾಡುವ ದಿನ ಗೊತ್ತಾಯಿತು. ಹೆಸರು ಮಾವಿನ ಕಸಿಯದು. ಆದರೆ ಕೆಲಸ ನೋಡಿದರೆ ನಮ್ಮ ಕಡೆಯ ರಾಗಿ ಪೈರಿನ ನಾಟಿಯ ಹಾಗೆ. ಮಡಿಯಿಂದ ಪೈರು ಕಿತ್ತು ಹದ ಮಾಡಿದ ಹೊಲದಲ್ಲಿ ನೆಡುವುದಿಲ್ಲವೇ? ಹಾಗೆ ಪುಟ್ಟನ ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮದ ಪದರವನ್ನು ಹೆರೆದು ತೆಗೆದು ಗಾಯದ ಮೇಲೆ ಹಾಸಿದರು. ತೊಡೆಯಲ್ಲಿ ಬೇರುಗಳು ಉಳಿದಿರುತ್ತವೆ, ಆದ್ದರಿಂದ ಅಲ್ಲಿ ಹತ್ತು-ಹದಿನಾಲ್ಕು ದಿನದಲ್ಲಿ ಹೊಸ ಚರ್ಮ ಬರುತ್ತದೆ. ಗಾಯ ದೊಡ್ಡದು, ತೆಗೆದ ಚರ್ಮ ಚಿಕ್ಕದು ಎಂದಾದರೆ ಅದನ್ನು ಒಂದು ಯಂತ್ರಕ್ಕೆ ಕೊಟ್ಟು ಸಣ್ಣ ಸಣ್ಣ ಸೀಳು ಮಾಡಿ ಬಲೆಯಂತೆ ಅಗಲಿಸುತ್ತಾರೆ.

ಹಾಸಿದ ಚರ್ಮಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಮೊದಲ ಎರಡು ದಿನ ಅದು ಗಾಯದಿಂದ ಒಸರುವ ದ್ರವವನ್ನೇ ಹೀರಿ ಬದುಕುತ್ತದೆ. ಆಮೇಲೆ ಕೆಳಗಿನಿಂದ ಕೂದಲಿಗಿಂತ ಸಣ್ಣ ರಕ್ತನಾಳಗಳು ಬಂದು ಕೂಡಿಕೊಳ್ಳುತ್ತವೆ. ಐದು ದಿನ ಕಳೆಯುವ ಹೊತ್ತಿಗೆ ಕಸಿ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ. ಕೆಳಗೆ ರಕ್ತ ಅಥವಾ ನೀರು ತುಂಬಿಕೊಂಡರೆ ಹಿಡಿಯುವುದಿಲ್ಲ. ಕಾಲು ಅಲುಗಿ ಚರ್ಮ ಜರುಗಿದರೆ ಹಿಡಿಯುವುದಿಲ್ಲ. ಸೋಂಕಿದ್ದರಂತೂ ಇಲ್ಲವೇ ಇಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು, ಚರ್ಮವನ್ನು ಗಾಯಕ್ಕೆ ಅಂಟಿಸಿ ಹಿಡಿದಿರುವ ಅಂಟನ್ನೇ ಕರಗಿಸಿಬಿಡುತ್ತದೆ.

ಆ ಐದು ದಿನ ಏಳು ವರ್ಷದ ಹುಡುಗನ ಕಾಲು ಅಲುಗದಂತೆ ನೋಡಿಕೊಳ್ಳಬೇಕಿತ್ತು. ಪಟ್ಟಿ ಕಟ್ಟಿದ್ದರು ನಿಜ, ಆದರೂ ಹುಡುಗ ಹುಡುಗನೇ. ಅವನ ಪಕ್ಕ ಕೂತು ನಮ್ಮೂರಿನ ಕಥೆಗಳನ್ನೆಲ್ಲ ಹೇಳಿದೆ. ಕೆಂಪೇಗೌಡರದು ಮುಗಿಯಿತು, ಸಾವನದುರ್ಗದ್ದು ಬಂತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಬೆಟ್ಟದ ಕೋಟೆಯನ್ನು ಹಿಡಿಯಿತು. ಅದೇ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ ದೇಸಿ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಮಾಡಿಕೊಟ್ಟ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನು ಓದಿ ಕಲಿತ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ.

‘ಹಾಗಾದರೆ ನನಗೂ ಅದನ್ನೇ ಮಾಡಿದ್ದಾ ತಾತ?’ ಪುಟ್ಟ ಕೇಳಿದ.

ಡಾಕ್ಟರನ್ನು ಕೇಳಿ ಬಂದು ಉತ್ತರ ಹೇಳಿದೆ. ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸುವುದಿಲ್ಲ. ಒಂದು ತುದಿಯನ್ನು ಬಿಡದೆ ತಿರುಗಿಸಿ ಕೂರಿಸುತ್ತಾರೆ, ರಕ್ತ ಹರಿಯುತ್ತಲೇ ಇರುತ್ತದೆ. ಪುಟ್ಟನದು ಪೂರ್ತಿ ಬಿಡಿಸಿ ತಂದ ಚರ್ಮ. ಹಾಗೆ ಬಿಡಿಸಿದ ಚರ್ಮದ ಚೂರುಗಳು ಗಾಯದ ಮೇಲೆ ಬದುಕಿ ಬೆಳೆಯುತ್ತವೆ ಎಂದು 1869ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದವರು ರೆವೆರ್ಡಿನ್ ಎಂಬ ವೈದ್ಯರು.

ಐದನೆಯ ದಿನ ಬ್ಯಾಂಡೇಜು ಬಿಚ್ಚುವಾಗ ನಾನು ಒಳಗಿದ್ದೆ. ಡಾಕ್ಟರು ಬೆರಳಿನಿಂದ ಮೆತ್ತಗೆ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ‘ರಕ್ತ ಬಂದಿದೆ ಯಜಮಾನ್ರೇ, ಹಿಡಿದಿದೆ’ ಅಂದರು. ನನ್ನ ಕನ್ನಡಕ ಮಂಜಾಯಿತು.

ಬ್ಯಾಂಕಿನ ತಾತನಿಗೆ ಗೊತ್ತಿರದ ಬ್ಯಾಂಕು

ಅದೇ ಆಸ್ಪತ್ರೆಯಲ್ಲಿ ಸ್ಟವ್ ಬೆಂಕಿ ಸೀರೆಗೆ ಹತ್ತಿಕೊಂಡು ಅರ್ಧ ಮೈ ಸುಟ್ಟುಕೊಂಡ ಹೆಣ್ಣುಮಗಳೊಬ್ಬಳಿದ್ದಳು. ಅವಳ ಅಮ್ಮ ನಮ್ಮ ಜೊತೆ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ‘ಅವಳ ಮೈಯಲ್ಲಿ ತೆಗೆಯೋಕೆ ಚರ್ಮವೇ ಉಳಿದಿಲ್ಲ ಅಣ್ಣಾ. ಬ್ಯಾಂಕಿನಿಂದ ತರಿಸ್ತಾರಂತೆ’ ಅಂದರು. ಪುಟ್ಟನಿಗೆ ಇದನ್ನು ಹೇಳಿದಾಗ ಅವನು ಕಣ್ಣರಳಿಸಿ ಕೇಳಿದ: ‘ಚರ್ಮಕ್ಕೂ ಬ್ಯಾಂಕ್ ಇದೆಯಾ ತಾತ? ನೀನು ಕೆಲಸ ಮಾಡ್ತಿದ್ದಂಥದ್ದಾ?’

ಇದೆ ಮಕ್ಕಳೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ರೋಟರಿಯ ನೆರವಿನಿಂದ ಕರ್ನಾಟಕದ ಮೊದಲ ಚರ್ಮ ಬ್ಯಾಂಕ್ ಶುರುವಾಯಿತು. ತೀರಿಕೊಂಡವರ ಮನೆಯವರು ಒಪ್ಪಿದರೆ, ಸಾಮಾನ್ಯವಾಗಿ ಆರು ಗಂಟೆಯೊಳಗೆ, ತರಬೇತಿ ಪಡೆದ ತಂಡ ಬಂದು ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಮೇಲಿನ ಪದರ ಮಾತ್ರ ತೆಗೆಯುತ್ತದೆ. ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಮುಖ ಮುಟ್ಟುವುದಿಲ್ಲ, ರಕ್ತ ಸೋರುವುದಿಲ್ಲ, ಬ್ಯಾಂಡೇಜು ಕಟ್ಟಿ ಒಪ್ಪಿಸುತ್ತಾರೆ. ಶಾಸ್ತ್ರ, ಸಂಸ್ಕಾರ ಎಲ್ಲವೂ ಎಂದಿನಂತೆ ನಡೆಯಬಹುದು. ದಾನಿಗೆ ಎಚ್‌ಐವಿ, ಕಾಮಾಲೆ ತರುವ ಹೆಪಟೈಟಿಸ್, ಚರ್ಮದ ಕ್ಯಾನ್ಸರ್ ಮುಂತಾದವು ಇರಬಾರದು. ತೆಗೆದ ಚರ್ಮವನ್ನು ಪರೀಕ್ಷೆ ಮಾಡಿ, ಗ್ಲಿಸರಾಲಿನಲ್ಲಿ ಅದ್ದಿ, 4 ಡಿಗ್ರಿ ತಂಪಿನಲ್ಲಿ ಐದು ವರ್ಷದವರೆಗೂ ಇಡಬಹುದು. ಪಡೆಯುವವರ ರಕ್ತದ ಗುಂಪು ಹೊಂದಬೇಕಾಗಿಯೂ ಇಲ್ಲ.

ಈ ಚರ್ಮ ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ. ಎರಡು ಮೂರು ವಾರ ಗಾಯವನ್ನು ಮುಚ್ಚಿ, ನೀರು ಸೋರದಂತೆ, ಸೋಂಕು ನುಗ್ಗದಂತೆ ಕಾಯುತ್ತದೆ. ನೋವೂ ಕಡಿಮೆಯಾಗುತ್ತದೆ. ಅಷ್ಟರಲ್ಲಿ ರೋಗಿಯ ಸ್ವಂತ ಚರ್ಮ ತೆಗೆದ ಜಾಗ ಮಾಯ್ದು ಮತ್ತೆ ತೆಗೆಯಲು ಸಿದ್ಧವಾಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಕಷ್ಟಕಾಲಕ್ಕೆ ಸಿಕ್ಕ ಕೈಗಡ. ಬಡ್ಡಿ ಇಲ್ಲ, ಕೊಟ್ಟವರು ಯಾರೆಂದೂ ಗೊತ್ತಿಲ್ಲ.

ನನ್ನ ವಯಸ್ಸಿನವರು ಗಮನಿಸಬೇಕಾದ್ದು ಒಂದಿದೆ. ಚರ್ಮದಾನಕ್ಕೆ 18 ತುಂಬಿರಬೇಕು, ಆದರೆ ಮೇಲಿನ ಮಿತಿ ಇಲ್ಲ. ಬಿಪಿ, ಶುಗರ್ ಇದ್ದವರೂ ಕೊಡಬಹುದು. ಊರಿಗೆ ಬಂದ ಮೇಲೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಕೊಡುತ್ತಾ, ‘ಮುಖ ಮುಟ್ಟಲ್ಲ ಅಂದ್ರಲ್ಲ, ನಿಜ ತಾನೇ?’ ಎಂದು ಕೇಳಿದರು. ನಿಜ ಅಂದೆ. ‘ಹಾಗಾದರೆ ನನ್ನದೂ ಬರೆಸಿ’ ಅಂದರು. ನಾವಿಬ್ಬರೂ ಮಗ, ಸೊಸೆಯನ್ನು ಕೂರಿಸಿಕೊಂಡು ಹೇಳಿಟ್ಟಿದ್ದೇವೆ. ಫಾರಂ ತುಂಬುವುದಕ್ಕಿಂತ ಮನೆಯವರಿಗೆ ಹೇಳಿಡುವುದು ಮುಖ್ಯ. ಆ ಹೊತ್ತಿಗೆ ಫೋನ್ ಮಾಡಬೇಕಾದವರು ಅವರೇ ಅಲ್ಲವೇ?

ಇನ್ನು ಮುಂದೆ ಹೀಗೆ ಮಾಡಿ

ಸುಟ್ಟ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ. ನನ್ನ ಹಾಗೆ ಒಂದು ಚೊಂಬಲ್ಲ. ಐಸು ಬೇಡ, ಅದೂ ಚರ್ಮವನ್ನು ಕೊಲ್ಲುತ್ತದೆ. ಚಿಕ್ಕ ಮಗುವಿನ ಮೈ ಪೂರ್ತಿ ತಣ್ಣಗಾಗದಂತೆ ಉಳಿದ ಭಾಗಕ್ಕೆ ಬಟ್ಟೆ ಹೊದಿಸಿ.

ಊತ ಬರುವ ಮೊದಲೇ ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ.

ಪೇಸ್ಟು, ಶಾಯಿ, ಅರಿಶಿನ, ದೋಸೆಹಿಟ್ಟು, ಬೆಣ್ಣೆ, ಬೂದಿ, ಸಗಣಿ ಯಾವುದೂ ಬೇಡ. ಬೊಬ್ಬೆ ಚುಚ್ಚಬೇಡಿ. ಒಡೆಯದ ಬೊಬ್ಬೆ ದೇಹ ತಾನೇ ಕಟ್ಟಿಕೊಂಡ ಬ್ಯಾಂಡೇಜು. ಒಗೆದ ಶುಭ್ರ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಸುಟ್ಟವರ ಅಂಗೈ, ಬೆರಳೂ ಸೇರಿ, ಅವರ ಮೈಯ ಚರ್ಮದಲ್ಲಿ ಸುಮಾರು ನೂರಕ್ಕೆ ಒಂದು ಪಾಲು. ಅದಕ್ಕಿಂತ ದೊಡ್ಡ ಗಾಯವಾದರೆ, ಅಥವಾ ಮುಖ, ಕೈ, ಪಾದ, ಕೀಲು ಸುಟ್ಟಿದ್ದರೆ, ಕರೆಂಟಿನಿಂದ ಸುಟ್ಟಿದ್ದರೆ, ಮಗು ಅಥವಾ ವಯಸ್ಸಾದವರಾದರೆ ತಡಮಾಡಬೇಡಿ. ಗಾಯದ ಸುತ್ತ ಕೆಂಪು ಹರಡುವುದು, ವಾಸನೆ, ಕೀವು, ಹೆಚ್ಚುತ್ತಿರುವ ನೋವು, ಜ್ವರ, ಇವು ಸೋಂಕಿನ ಗುರುತು.

ಪುಟ್ಟನಿಗೆ ಈಗ ಹತ್ತು ವರ್ಷ. ಒಂದು ವರ್ಷದ ಮೇಲೆ ಬಿಗಿಯಾದ ಕಾಲುಚೀಲ ಹಾಕಿ, ದಿನಾ ಎಣ್ಣೆ ತೀಡಿ, ಬಿಸಿಲು ತಾಗದಂತೆ ನೋಡಿಕೊಂಡು, ಮಂಡಿ ಮಡಚಿ ಬಿಚ್ಚುವ ವ್ಯಾಯಾಮ ಮಾಡಿಸಿದೆವು. ಗಾಯ ತುಂಬಲು ಬೇಳೆ, ಕಾಳು, ಹಾಲು, ಮೊಟ್ಟೆ ಕೊಟ್ಟೆವು. ಕಸಿಯಾದ ಜಾಗದಲ್ಲಿ ಕೂದಲು ಬಂದಿಲ್ಲ, ಬೆವರೂ ಬರುವುದಿಲ್ಲ, ಬಣ್ಣ ಬೇರೆಯೇ ಉಳಿದಿದೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಚಡ್ಡಿ ಮೇಲೆತ್ತಿ ತೊಡೆ ತೋರಿಸಿ, ‘ಇಲ್ಲಿಂದ ಅಲ್ಲಿಗೆ ನಾಟಿ ಮಾಡಿದ್ದಾರೆ’ ಎನ್ನುತ್ತಾನಂತೆ. ಮಕ್ಕಳೇ, ನಿಮ್ಮ ತರಗತಿಯಲ್ಲಿ ಅಂಥ ಕಲೆ ಇರುವವರು ಇದ್ದರೆ ಹೆದರಬೇಡಿ, ಅಂಟುವಂಥದ್ದಲ್ಲ. ಅವರ ಜೊತೆ ಆಡಿ.

ಕಳೆದ ದೀಪಾವಳಿಗೂ ಅವನು ಬಂದಿದ್ದ. ಹಂಡೆ ತೊಳೆದೆವು, ಪಟ್ಟೆ ಬಳಿದೆವು, ಬಳ್ಳಿ ಸುತ್ತಿದೆವು. ಆಮೇಲೆ ಅವನೇ ಸೀಮೆಸುಣ್ಣ ತಂದು ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದ. ‘ತಾತ, ಮಕ್ಕಳು ಈ ಗೆರೆ ದಾಟಬಾರದು. ಮತ್ತೆ ನೀನು ಬಕೆಟ್ಟಿಗೆ ಮೊದಲು ತಣ್ಣೀರು ಹಾಕಬೇಕು, ಬಿಸಿನೀರು ಆಮೇಲೆ’ ಅಂದ. ಹೂಂ ಅಂದೆ. ಬೆಳಗಿನ ಜಾವ ನಾನು ಮೊದಲು ತಣ್ಣೀರು ಹಾಕುವವರೆಗೂ ಅವನು ಗೆರೆಯ ಆಚೆ ನಿಂತು ನೋಡುತ್ತಿದ್ದ.